ಕೆಟ್ಟುಹೋದ ಒಂದು ‘ಬಾ’

ಮೊನ್ನೆ ಬೆಳಗ್ಗೆ ಡೇರಿಗೆ ಹಾಲು ಹಾಕಿ ಬರುತ್ತಿದ್ದೆ. ಹಿಂದಿನ ಬೀದಿಯಲ್ಲಿ ಒಬ್ಬರು ತಮ್ಮ ನಾಯಿಯನ್ನು ಕರೆಯುತ್ತಿದ್ದರು. ‘ಬಾ’ ಅಂದರು. ‘ಬಾರೋ’ ಅಂದರು. ‘ಬರ್ತೀಯೋ ಇಲ್ವೋ’ ಅಂದರು. ಒಂದು ಕೈ ಬೆನ್ನ ಹಿಂದೆ ಇತ್ತು. ಆ ಕೈಯಲ್ಲಿ ಚೈನು. ನಾಯಿ ಹತ್ತಡಿ ದೂರ ನಿಂತು, ಬಾಲ ಇಳಿಸಿ, ಮುಖವನ್ನು ಪೂರ್ತಿ ಬೇರೆ ಕಡೆ ತಿರುಗಿಸಿಕೊಂಡಿತ್ತು. ಅಲ್ಲೇನೋ ಬಹಳ ಮುಖ್ಯವಾದದ್ದು ಕಾಣಿಸುತ್ತಿದೆ ಅನ್ನೋ ಹಾಗೆ. ‘ನೋಡಿ ಸಾರ್, ಎಷ್ಟು ಕೊಬ್ಬು ಇದಕ್ಕೆ’ ಅಂತ ಅವರು ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕು ಮುಂದೆ ಬಂದೆ. ಬೆನ್ನ ಹಿಂದೆ ಬಚ್ಚಿಟ್ಟ ಆ ಕೈ ಮಾತ್ರ ಮನಸ್ಸಿಂದ ಹೋಗಲಿಲ್ಲ. ಅದು ನನ್ನದೇ ಕೈ. ಹಾಗೆ ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ.

ನಮ್ಮ ಮನೆಯಲ್ಲೊಂದು ದೊಡ್ಡ ನಾಯಿ ಇದೆ. ಅದಕ್ಕೆ ಕೂರೋದು, ನಿಲ್ಲೋದು, ಬರೋದು ಕಲಿಸಲು ಹೋಗಿ ನಾನು ಪಟ್ಟ ಪಾಡನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಹೇಗೆ ಕಲಿಸಬೇಕು ಅಂತ ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ, ಅದು ನನ್ನ ಕೆಲಸವಲ್ಲ. ನನ್ನನ್ನು ಕಾಡಿದ್ದು ಬೇರೆ. ನಾವು ದಿನಾ ಆಡೋ ಮಾತು ನಮ್ಮ ಬಾಯಲ್ಲೇ ಹೇಗೆ ಹಳಸುತ್ತೆ ಅನ್ನೋದು.

ಕೋರ್ಟಿನಲ್ಲಿ ಗೆದ್ದವನು

ಶೇಷ ಬಂದಿದ್ದು 2024ರ ಮಾರ್ಚ್ ಕೊನೆಗೆ. ನಾವು ಆಸೆಪಟ್ಟು ತಂದಿದ್ದಲ್ಲ. ಅಕ್ಕನ ಮಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸಾಕಿದ್ದ ರಾಟ್‌ವೀಲರ್. ಆಗ ಹದಿನಾಲ್ಕು ತಿಂಗಳು, 42 ಕೆಜಿ. ಆ ತಿಂಗಳ 12ಕ್ಕೆ ಕೇಂದ್ರ ಸರ್ಕಾರ ಒಂದು ಸುತ್ತೋಲೆ ಕಳಿಸಿತ್ತು. 23 ತಳಿಯ ನಾಯಿಗಳು ಅಪಾಯ, ಅವುಗಳನ್ನು ಮಾರೋಕೆ, ಮರಿ ಮಾಡಿಸೋಕೆ ಲೈಸೆನ್ಸ್ ಕೊಡಬೇಡಿ, ಈಗಾಗಲೇ ಸಾಕಿರೋರು ಸಂತಾನಹರಣ ಮಾಡಿಸಲಿ ಅಂತ. ಆ ಪಟ್ಟಿಯಲ್ಲಿ ರಾಟ್‌ವೀಲರ್ ಇತ್ತು. ಸಾಕಿದ ನಾಯಿಯನ್ನು ಮನೆಯಿಂದ ಆಚೆ ಕಳಿಸಿ ಅಂತ ಅದರಲ್ಲಿ ಇರಲಿಲ್ಲ. ಆದರೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಅಷ್ಟು ತಾಳ್ಮೆಯಿಂದ ಓದೋರು ಯಾರು? ಲಿಫ್ಟಿಗೆ ನಾಯಿ ಕಾಲಿಟ್ಟರೆ ಜನ ಇಳಿದು ಮೆಟ್ಟಿಲು ಹತ್ತತೊಡಗಿದರಂತೆ. ಹುಡುಗ ಫೋನ್ ಮಾಡಿದ. ‘ಮಾಮ, ನಿಮಗೆ ತೋಟ ಇದೆ ಅಲ್ವಾ. ಸ್ವಲ್ಪ ದಿನ ಅಲ್ಲಿರಲಿ.’

ಸ್ವಲ್ಪ ದಿನ ಅಂದರೆ ಏನು ಅಂತ ತೋಟ ಇರೋರಿಗೆಲ್ಲ ಗೊತ್ತು. ಹಳೇ ಸೋಫಾ, ಕೆಟ್ಟ ಫ್ರಿಜ್ಜು, ಮಕ್ಕಳು ಓದಿ ಬಿಟ್ಟ ಪುಸ್ತಕ, ಎಲ್ಲ ಸ್ವಲ್ಪ ದಿನಕ್ಕೆ ಅಂತಲೇ ಬರೋದು.

ಏಪ್ರಿಲ್ 10ಕ್ಕೆ ನಮ್ಮ ಹೈಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೀರಿ ಅಂದಿತು. ಪೇಟೆಯಲ್ಲಿ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಅವತ್ತು ಸಂಜೆ ಆ ಸುದ್ದಿಯನ್ನು ಪ್ರಿಂಟ್ ತೆಗೆದು ತಂದು ನಾಯಿಯ ಮುಂದೆ ಹಿಡಿದೆ. ‘ಗೆದ್ದೆ ಕಣಪ್ಪ’ ಅಂದೆ. ಮೂಸಿ ನೋಡಿ, ಒಂದು ಮೂಲೆ ಹರಿದು ತಿಂದ. ಬೆಂಗಳೂರಿಗೆ ವಾಪಸ್ ಹೋಗೋ ಮಾತು ಅಲ್ಲಿಗೆ ಮುಗಿಯಿತು.

ಅವನ ಹೆಸರು ಸೀಸರ್. ಅಮ್ಮನ ಬಾಯಲ್ಲಿ ಎರಡೇ ದಿನಕ್ಕೆ ಅದು ಶೇಷ ಆಯಿತು. ‘ಶೇಷಪ್ಪ ಅನ್ನು, ಪೂರ್ತಿ ಮರ್ಯಾದೆ ಕೊಡು’ ಅಂತ ನಾನು ತಮಾಷೆ ಮಾಡಿದರೆ ಅಮ್ಮ ನಗಲಿಲ್ಲ. ಅವಳಿಗೆ ಅದು ತಮಾಷೆ ಆಗಿರಲಿಲ್ಲ. ಮೊದಲ ದಿನವೇ ಅವನು ಪ್ರೀತಿಯಿಂದ ಎಗರಿ, ಎರಡೂ ಮುಂಗಾಲನ್ನು ಅವಳ ಭುಜದ ಮೇಲಿಟ್ಟು, ಅವಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿದ್ದ. ಎಪ್ಪತ್ತೆರಡರ ಹೆಂಗಸು. ಬಿದ್ದಿದ್ದರೆ ಸೊಂಟ ಮುರಿಯುತ್ತಿತ್ತು. ದೊಡ್ಡ ನಾಯಿಗೂ ಸಣ್ಣ ನಾಯಿಗೂ ಇರೋ ವ್ಯತ್ಯಾಸ ಇಷ್ಟೇ. ಸಣ್ಣದು ಎಗರಿದರೆ ಮುದ್ದು ಅಂತೀವಿ. ಅದೇ ಕೆಲಸ 42 ಕೆಜಿಯದು ಮಾಡಿದರೆ ಆಸ್ಪತ್ರೆ.

ಲಿವರ್, ಹಗ್ಗ, ನಂದಿ ರಸ್ತೆ

ಮೊದಲು ಒಬ್ಬ ಟ್ರೈನರ್‌ನನ್ನು ಕರೆಸಿದೆ. ಹೆಸರು ಬೇಡ. ಬಂದವನೇ ಎಳೆದರೆ ಕುತ್ತಿಗೆ ಬಿಗಿಯುವ ಸರಪಳಿ ಹಾಕಿ, ಎರಡು ಸಲ ಜಗ್ಗಿ, ‘ಯಜಮಾನ ಯಾರು ಅಂತ ಇವನಿಗೆ ಗೊತ್ತಾಗಬೇಕು ಸಾರ್, ತೋಳದ ಗುಂಪಿನಲ್ಲಿ ಒಂದು ಆಲ್ಫಾ ಇರುತ್ತೆ’ ಅಂದ. ಈ ಆಲ್ಫಾ ಕಥೆಯ ಬೇರು 1947ರಲ್ಲಿದೆ. ಎಲ್ಲೆಲ್ಲಿಂದಲೋ ತಂದು ಝೂನಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಒಬ್ಬ ವಿಜ್ಞಾನಿ ಬರೆದಿದ್ದು. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು ಅಷ್ಟೇ ಅಂತ ಆಮೇಲೆ ಗೊತ್ತಾಯಿತು. ಆ ಕಥೆಯನ್ನು ಹಬ್ಬಿಸಿದವರಲ್ಲಿ ಒಬ್ಬರಾದ ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೀಚ್ ತಾವೇ ಅದನ್ನು ವಾಪಸ್ ತಗೊಂಡು ಎಷ್ಟೋ ವರ್ಷವಾಯಿತು. ಇದೆಲ್ಲ ನನಗೆ ಅವತ್ತು ಗೊತ್ತಿರಲಿಲ್ಲ. ಗೊತ್ತಾಗಿದ್ದು ಇಷ್ಟೇ. ಮೂರನೇ ಸಲ ಜಗ್ಗಿದಾಗ ಶೇಷನ ಗಂಟಲಿಂದ ಒಂದು ದನಿ ಬಂತು. ಬೊಗಳಿದ್ದಲ್ಲ, ಗುರುಗುಟ್ಟಿದ್ದೂ ಅಲ್ಲ. ಅಮ್ಮ ಒಳಗಿಂದ ಬಂದು ‘ಸಾಕು ನಡಿಯಪ್ಪ’ ಅಂದಳು. ಅವನು ಹೋದ. ಫೀಸಿನ ಅರ್ಧ ದುಡ್ಡು ವಾಪಸ್ ಬರಲಿಲ್ಲ.

ಆಮೇಲೆ ನಾನೇ ಶುರು ಮಾಡಿದೆ. ಕೂರಿಸೋದು ನಂಬಲಾರದಷ್ಟು ಸುಲಭ. ಬೇಯಿಸಿದ ಕೋಳಿ ಲಿವರಿನ ಸಣ್ಣ ಚೂರನ್ನು, ಕಡಲೆಬೀಜದಷ್ಟು, ಮೂಗಿನ ಹತ್ತಿರ ಹಿಡಿದು ನಿಧಾನಕ್ಕೆ ತಲೆಯ ಮೇಲೆ ಹಿಂದಕ್ಕೆ ಒಯ್ಯಬೇಕು. ಮೂಗು ಮೇಲೆ ಹೋದರೆ ಹಿಂಭಾಗ ತಾನಾಗಿ ಕೆಳಗಿಳಿಯುತ್ತೆ. ತಕ್ಕಡಿ ಹಾಗೆ. ಕುಂಡಿ ನೆಲಕ್ಕೆ ತಾಗಿದ ಆ ಕ್ಷಣವೇ ‘ಭೇಷ್’ ಅನ್ನಬೇಕು, ಚೂರು ಕೊಡಬೇಕು. ಎರಡು ಸೆಕೆಂಡ್ ತಡವಾದರೆ ಅಷ್ಟರಲ್ಲಿ ಅವನು ಎದ್ದಿರುತ್ತಾನೆ. ಆಗ ಎದ್ದಿದ್ದಕ್ಕೆ ಬಹುಮಾನ ಕೊಟ್ಟ ಹಾಗೆ. ಕೈ ಸನ್ನೆ ಕಲಿತ ಮೇಲೆ ‘ಕೂತ್ಕೋ’ ಅನ್ನೋ ಮಾತು ಸೇರಿಸಿದೆ. ಮೂರೇ ದಿನ. ಅಂಗಳದಲ್ಲಿ ನಾನು ‘ಕೂತ್ಕೋ’ ಅಂದರೆ ಕಲ್ಲಿನ ಬಸವನ ಹಾಗೆ ಕೂರುತ್ತಿದ್ದ. ಬೀಗಿದೆ. ನಾಲ್ಕನೇ ದಿನ ಗೇಟಿನ ಆಚೆ, ರಸ್ತೆಯಲ್ಲಿ ಅಂದೆ. ಆ ಮಾತನ್ನು ಹುಟ್ಟಿದಾಗಿನಿಂದ ಕೇಳಿಯೇ ಇಲ್ಲ ಅನ್ನೋ ಹಾಗೆ ನೋಡಿದ. ಅಂಗಳದ ಕೂತ್ಕೋ ಬೇರೆ, ರಸ್ತೆಯ ಕೂತ್ಕೋ ಬೇರೆ. ಜಾಗ ಬದಲಾದರೆ ನಾಯಿಗೆ ಪಾಠ ಮತ್ತೆ ಮೊದಲಿಂದ. ನಮ್ಮ ಹುಡುಗರು ಕ್ಲಾಸಿನಲ್ಲಿ ಮಾಡಿದ ಲೆಕ್ಕವನ್ನು ಪರೀಕ್ಷೆಯಲ್ಲಿ ಮರೆಯೋದಿಲ್ಲವೇ, ಹಾಗೆ.

ಎಳೆಯದೆ ನಡೆಯೋದನ್ನು ಕಲಿಸಲು ಎರಡು ತಿಂಗಳು ಬೇಕಾಯಿತು. ಜರ್ಮನಿಯ ರಾಟ್‌ವೀಲ್ ಅನ್ನೋ ಊರಿನಲ್ಲಿ ಈ ನಾಯಿಗಳು ದನ ಅಟ್ಟುತ್ತಿದ್ದವಂತೆ, ಮಾಂಸದ ಅಂಗಡಿಯವರ ಗಾಡಿ ಎಳೆಯುತ್ತಿದ್ದವಂತೆ. ಎಳೆಯೋದು ಅವನ ಮುತ್ತಾತನ ಕಸುಬು. ಅವನು ಎಳೆದಾಗ ನಾನು ಮರದ ಹಾಗೆ ನಿಲ್ಲಬೇಕು, ಹಗ್ಗ ಸಡಿಲವಾದಾಗ ಮಾತ್ರ ಹೆಜ್ಜೆ ಹಾಕಬೇಕು. ಮೊದಲ ದಿನ ಮನೆಯಿಂದ ಅರಳಿಕಟ್ಟೆಗೆ ಹೋಗಲು ಇಪ್ಪತ್ತೈದು ನಿಮಿಷ ಹಿಡಿಯಿತು. ಎರಡು ನಿಮಿಷದ ದಾರಿ. ಕಟ್ಟೆ ಮೇಲೆ ಕೂತವರು ನಾನು ನಡುರಸ್ತೆಯಲ್ಲಿ ನಿಂತು ನಿಂತು ಬರೋದನ್ನು ನೋಡಿ ‘ಏನಣ್ಣಾ, ಹರಕೆನಾ?’ ಅಂತ ಕೇಳಿದರು. ಭಾನುವಾರ ಮಾತ್ರ ಆ ಕಡೆ ಹೋಗುತ್ತಿರಲಿಲ್ಲ. ಬೆಳಗಿನ ನಾಲ್ಕಕ್ಕೇ ಬೆಂಗಳೂರಿನ ಬೈಕುಗಳು ನಂದಿ ಬೆಟ್ಟದ ಸೂರ್ಯೋದಯಕ್ಕೆ ಸಾಲುಗಟ್ಟಿ ಹೋಗೋ ದಿನ ಅದು. ಆ ಸದ್ದಿನಲ್ಲಿ ನನಗೇ ಸರಿಯಾಗಿ ನಡೆಯೋಕೆ ಆಗಲ್ಲ.

ಇಷ್ಟು ಹೇಳಿದ್ದು ಯಾಕೆಂದರೆ, ಕೂರೋದು ಬಂತು, ಮಲಗೋದು ಬಂತು, ನಡೆಯೋದೂ ಬಂತು. ಎಲ್ಲಕ್ಕಿಂತ ಸುಲಭ ಅಂದುಕೊಂಡಿದ್ದ ‘ಬಾ’ ಬರಲೇ ಇಲ್ಲ.

ಹತ್ತಡಿ ದೂರ

ಒಂದು ಸಂಜೆ ಗೇಟು ತೆರೆದಿತ್ತು. ಶೇಷ ಪಕ್ಕದವರ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದ. ಅವರದು ರೇಷ್ಮೆ ಮನೆ. ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡೋ ಹಂತ, ಮುಗಿಸಿ ಎದ್ದು ಸೊಪ್ಪು ತಿನ್ನೋ ಹೊತ್ತು, ಸೊಪ್ಪಿನ ಒಂದೊಂದು ಎಲೆಯೂ ದುಡ್ಡು. ಅದರಲ್ಲಿ 42 ಕೆಜಿ ಓಡಾಡಿದರೆ ಯಾರು ಸುಮ್ನೆ ಇರ್ತಾರೆ? ನಾನು ಬದುವಿನ ಮೇಲೆ ನಿಂತು ‘ಬಾ’ ಅಂದೆ. ತಲೆ ಎತ್ತಿ ನೋಡಿದ. ಬಂದ. ಸರಿಯಾಗಿ ಹತ್ತಡಿ ದೂರಕ್ಕೆ ಬಂದು ನಿಂತ. ನಾನು ಒಂದು ಹೆಜ್ಜೆ ಇಟ್ಟರೆ ಅವನೂ ಹಿಂದಕ್ಕೆ ಒಂದು ಹೆಜ್ಜೆ. ನಾನು ನಿಂತರೆ ನಿಲ್ಲುತ್ತಾನೆ. ದನಿ ಬದಲಾಯಿಸಿ ‘ಬಾ ಕಂದ, ಬಾ ಬಂಗಾರ’ ಅಂದೆ. ಬದುವಿನ ಮೇಲೆ ಬಂದ ನನ್ನ ಹೆಂಡತಿ ‘ರೀ, ಸಾಲ ತಗೊಂಡವನನ್ನ ಕರೆಯೋ ಹಾಗಿದೆ ನಿಮ್ಮ ದನಿ’ ಅಂದಳು. ನಲವತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ ಮೂಲೆಗೆ ಒತ್ತಿ ಹಿಡಿದು, ಕಟ್ಟಿ, ಸಿಟ್ಟಿಗೆ ಬೆನ್ನ ಮೇಲೆ ಒಂದು ಬಿಗಿದೆ. ಬಂದಿದ್ದಕ್ಕೆ ಅವನಿಗೆ ಸಿಕ್ಕಿದ್ದು ಅದು.

ರಾತ್ರಿ ನಿದ್ದೆ ಬರಲಿಲ್ಲ. ಅವತ್ತು ಅವನಿಗೆ ಎಷ್ಟು ಸಲ ‘ಬಾ’ ಅಂದೆ ಅಂತ ಸುಮ್ನೆ ಲೆಕ್ಕ ಹಾಕಿದೆ. ಬೆಳಗ್ಗೆ ಬಿಟ್ಟಿದ್ದವನನ್ನು ಕಟ್ಟಿಹಾಕಲು ಒಂದು ಸಲ. ಮೈಗೆ ಹತ್ತಿದ ಉಣ್ಣೆಹುಳ ಕೀಳಲು ಒಂದು ಸಲ. ಜಂತುಹುಳದ ಮಾತ್ರೆ ನುಂಗಿಸಲು. ಕೋಳಿ ಹಿಂದೆ ಓಡುತ್ತಿದ್ದವನ ಆಟ ನಿಲ್ಲಿಸಲು. ಆಮೇಲೆ ಈ ಸಂಜೆ. ಒಂದೇ ಒಂದು ಒಳ್ಳೇ ‘ಬಾ’ ಇರಲಿಲ್ಲ. ಊಟಕ್ಕೆ ಕರೆಯಬೇಕಾಗೇ ಇರಲಿಲ್ಲ, ತಟ್ಟೆಯ ಸದ್ದಿಗೇ ಓಡಿ ಬರುತ್ತಿದ್ದ. ನಾನು ‘ಬಾ’ ಅಂದರೆ ‘ನಿನ್ನ ಖುಷಿ ಮುಗೀತು’ ಅಂತ ಅರ್ಥ. ಆ ಅರ್ಥವನ್ನು ಅವನು ಚೆನ್ನಾಗೇ ಕಲಿತಿದ್ದ. ಕಲಿಸಿದವನು ನಾನೇ.

ಹೀಗೆ ಯೋಚಿಸುತ್ತಾ ಮಲಗಿದ್ದಾಗ ಅಪ್ಪನ ನೆನಪು ಬಂತು. ನಮ್ಮಪ್ಪ ಕೆಟ್ಟವರಲ್ಲ, ಜಾಸ್ತಿ ಮಾತಿನವರೂ ಅಲ್ಲ. ಜಗಲಿ ಮೇಲೆ ಕೂತು ‘ಬಾ ಇಲ್ಲಿ’ ಅಂದರೆ ಮುಗಿಯಿತು. ಮಾರ್ಕ್ಸ್ ಕಾರ್ಡೋ, ಬಾವಿಯಲ್ಲಿ ಈಜಿದ ಸುದ್ದಿಯೋ ಅವರಿಗೆ ಮುಟ್ಟಿದೆ ಅಂತ ಅರ್ಥ. ನಾನು ಹುಲ್ಲಿನ ಬಣವೆ ಪಕ್ಕ, ಅದೇ ಹತ್ತಡಿ ದೂರದಲ್ಲಿ ನಿಲ್ಲುತ್ತಿದ್ದೆ. ಒಂದು ಸಲ, ನಾಲ್ಕನೇ ಕ್ಲಾಸಿರಬೇಕು, ಸಂತೆ ದಿನ ಸಂಜೆ ‘ಬಾ ಇಲ್ಲಿ’ ಅಂದರು. ನಾನು ಬಣವೆ ಹಿಂದೆ ಸೇರಿಕೊಂಡೆ. ಇನ್ನೊಂದು ಸಲ ಕರೆದರು. ಹೋಗಲಿಲ್ಲ. ಕತ್ತಲಾದ ಮೇಲೆ ಮೆಲ್ಲಗೆ ಬಂದು ನೋಡಿದರೆ ಜಗಲಿ ಮೇಲೆ ಪೇಪರಿನಲ್ಲಿ ಸುತ್ತಿದ ಹೊಸ ಚಪ್ಪಲಿ ಇತ್ತು. ಅಳತೆ ನೋಡೋಕೆ ಕರೆದಿದ್ದರು. ಒಂದು ಬೆರಳು ಚಿಕ್ಕದಾಗಿತ್ತು. ಬದಲಾಯಿಸೋಕೆ ಮುಂದಿನ ಸಂತೆಗೆ ಹೋಗಲಿಲ್ಲ, ಅವರೂ ಕೇಳಲಿಲ್ಲ. ಒಂದು ವರ್ಷ ಹಿಮ್ಮಡಿ ಆಚೆ ಬಿಟ್ಟುಕೊಂಡೇ ಅದನ್ನು ಮೆಟ್ಟಿದೆ.

ಉಂಡು

ನಮ್ಮ ಮನೆಯಲ್ಲಿ ಇನ್ನೊಂದು ತಾಪತ್ರಯ ಇತ್ತು. ಅಮ್ಮನ ತವರು ಬಾಗೇಪಲ್ಲಿ ಕಡೆ. ಅವಳು ದೇವರ ಹತ್ತಿರ, ದನದ ಹತ್ತಿರ, ಕೋಪ ಬಂದರೆ ನನ್ನ ಹತ್ತಿರ ಮಾತಾಡೋದು ತೆಲುಗಿನಲ್ಲಿ. ಹೆಂಡತಿ ತುಮಕೂರಿನವಳು, ಅಪ್ಪಟ ಕನ್ನಡ. ಮಗಳು ಶಾಲೆಯಿಂದ ಬಂದರೆ ‘ಕಮ್, ಸಿಟ್, ನೋ’. ನಾನು ಎಲ್ಲ ಕಲಸಿ ಆಡುತ್ತೇನೆ, ಈ ಕಡೆಯ ಎಲ್ಲರ ಹಾಗೆ. ಅಂದರೆ ಒಂದು ನಾಯಿಗೆ ದಿನಕ್ಕೆ ‘ಬಾ’, ‘ಬಾರೋ’, ‘ರಾ’, ‘ಕಮ್’, ‘ಕಮಾನ್’, ‘ಬರ್ತೀಯಾ’ ಇಷ್ಟೂ ಬೀಳುತ್ತಿದ್ದವು. ಬುಡಾಪೆಸ್ಟ್‌ನಲ್ಲಿ 18 ನಾಯಿಗಳನ್ನು ಸ್ಕ್ಯಾನ್ ಮಶೀನಿನಲ್ಲಿ ಅಲ್ಲಾಡದೆ ಮಲಗಲು ಕಲಿಸಿ, ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ಕೇಳಿಸಿದರಂತೆ. ಸ್ಪ್ಯಾನಿಷ್ ಒಂದು, ಹಂಗೇರಿಯನ್ ಒಂದು. ಮನೆಯಲ್ಲಿ ಕೇಳಿದ ಭಾಷೆ ಯಾವುದು, ಹೊಸದು ಯಾವುದು ಅಂತ ನಾಯಿಯ ಮೆದುಳಿಗೆ ಗೊತ್ತಾಗುತ್ತೆ ಅಂತ 2022ರಲ್ಲಿ ಬರೆದರು. ಅದನ್ನು ಓದಿ ನನಗೆ ಬಂದ ಮೊದಲ ಯೋಚನೆ, ಆ ನಾಯಿಗಳನ್ನು ಒಂದು ವಾರ ಚಿಕ್ಕಬಳ್ಳಾಪುರಕ್ಕೆ ಕಳಿಸಬೇಕಿತ್ತು ಅಂತ.

ಭಾಷೆ ಕಲಬೆರಕೆಯಾಗಿದ್ದೇ ತೊಂದರೆ ಅಂದುಕೊಂಡು ಒಂದು ಪಟ್ಟಿ ಮಾಡಿ ಅಡುಗೆಮನೆ ಬಾಗಿಲಿಗೆ ಅಂಟಿಸಿದೆ. ಇನ್ನು ಮೇಲೆ ಎಲ್ಲರೂ ಇದೇ ಐದು ಮಾತು ಅನ್ನಬೇಕು, ಕನ್ನಡದಲ್ಲಿ. ಅಮ್ಮ ಅದನ್ನು ಓದಿ ‘ಆಯ್ತಪ್ಪ’ ಅಂದಳು. ಒಂದು ದಿನವೂ ಪಾಲಿಸಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದಿದ್ದೆ. ಹಿತ್ತಲಿನಲ್ಲಿ ಅಮ್ಮ ಮುದ್ದೆ ತೊಳಸುತ್ತಿದ್ದಳು. ಸೌದೆ ಒಲೆ, ಪಾತ್ರೆ ಅಲ್ಲಾಡದ ಹಾಗೆ ಕವೆಗೋಲಿಗೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ಕೋಲು ಹಿಡಿದು. ಆಮೇಲೆ ಹಲಗೆಗೆ ನೀರು ಚಿಮುಕಿಸಿ ಮುದ್ದೆ ಕಟ್ಟಿದಳು. ಕೊನೆಯದು ಚಿಕ್ಕದು, ಶೇಷನಿಗೆ. ಅದನ್ನು ತಂದು ಬಟ್ಟೆ ಒಗೆಯೋ ಕಲ್ಲಿನ ಮೇಲೆ ಇಟ್ಟು ‘ಉಂಡು’ ಅಂದಳು. ತೆಲುಗಿನಲ್ಲಿ ಉಂಡು ಅಂದರೆ ಇರು, ತಡಿ. ನಮ್ಮ ಕನ್ನಡದಲ್ಲಿ ನೋಡಿದರೆ ಆಗಲೇ ಊಟ ಮುಗಿಸಿದ ಹಾಗೆ! ಶೇಷ ತಾನಾಗಿ ಕೂತ. ಯಾರೂ ಕೂರು ಅಂದಿರಲಿಲ್ಲ. ಮುದ್ದೆಯಿಂದ ಹಬೆ ಏಳುತ್ತಿತ್ತು. ಅವನ ತುಟಿಯ ಎರಡೂ ಕಡೆಯಿಂದ ಜೊಲ್ಲು ದಾರದ ಹಾಗೆ ಇಳಿದು, ನೆಲ ಮುಟ್ಟಿ, ತುಂಡಾಗಿ, ಮತ್ತೆ ಇಳಿಯುತ್ತಿತ್ತು. ಕಣ್ಣು ಮುದ್ದೆ ಮೇಲಿಲ್ಲ, ಅಮ್ಮನ ಮೇಲೆ. ಅವಳು ಒಳಗೆ ಹೋಗಿ ಒಗ್ಗರಣೆ ಹಾಕಿದಳು. ಕಾಗೆ ಬಂದು ಕಲ್ಲಿನ ತುದಿಯಲ್ಲಿ ಕೂತಿತು. ಕೋಳಿ ಬಂತು. ಅವನ ಕಿವಿ ಮಾತ್ರ ಅಲ್ಲಾಡಿತು. ಅಮ್ಮ ಆಚೆ ಬಂದು, ಬೆರಳಿನ ಹಿಂಭಾಗದಿಂದ ಮುದ್ದೆ ಮುಟ್ಟಿ ನೋಡಿ, ‘ತಿನು’ ಅಂದಳು. ಎರಡೇ ತುತ್ತು. ಮುಗಿಯಿತು.

ನಾನು ಬಾಗಿಲಲ್ಲೇ ನಿಂತಿದ್ದೆ. ‘ಅಮ್ಮ, ಇದು ಯಾವಾಗ ಕಲಿಸಿದೆ?’

‘ಕಲಿಸೋದೇನು ಬಂತು. ಮೊದಲನೇ ದಿನ ಬಿಸಿ ಮುದ್ದೆಗೆ ಬಾಯಿ ಹಾಕಿ ನಾಲಿಗೆ ಸುಟ್ಕೊಂಡ. ಅವತ್ತಿಂದ ನಾನು ಹೇಳೋವರೆಗೂ ಮುಟ್ಟಲ್ಲ. ಆರಿದ ಮೇಲೇ ನಾನು ಹೇಳೋದು ಅಂತ ಅವನಿಗೆ ಗೊತ್ತು.’

ಇದನ್ನೇ ಕಲಿಸೋಕೆ ನಾನು ಮೂರು ವಾರದಿಂದ ಅಂಗಳದಲ್ಲಿ ಒದ್ದಾಡುತ್ತಿದ್ದೆ. ಮೊದಲು ಹೊತ್ತು ಜಾಸ್ತಿ ಮಾಡಬೇಕು, ಆಮೇಲೆ ದೂರ, ಆಮೇಲೆ ಗಮನ ಸೆಳೆಯೋ ಗದ್ದಲ, ಮೂರನ್ನೂ ಒಟ್ಟಿಗೆ ಜಾಸ್ತಿ ಮಾಡಬಾರದು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಒಗ್ಗರಣೆ ಹಾಕೋ ಹೊತ್ತು, ಅಡುಗೆಮನೆಯಷ್ಟು ದೂರ, ಒಂದು ಕಾಗೆ, ಒಂದು ಕೋಳಿ. ಅಮ್ಮನ ಹಿತ್ತಲಿನಲ್ಲಿ ಎಲ್ಲ ಇತ್ತು.

ಹಾಗಂತ ಅಮ್ಮನನ್ನು ಹೊಗಳಿ ಅಟ್ಟಕ್ಕೇರಿಸೋದಿಲ್ಲ. ಇದೇ ಅಮ್ಮ ‘ಬರೀ ಮುದ್ದೆ ಹೆಂಗೆ ಇಳಿಯುತ್ತೆ ಪಾಪ’ ಅಂತ ಅವನಿಗೆ ಹುಳಿಸಾರು ಸುರಿಯುತ್ತಿದ್ದಳು. ಪಶು ಆಸ್ಪತ್ರೆಯ ಡಾಕ್ಟರು ಕೇಳಿ ಬೆಚ್ಚಿಬಿದ್ದರು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ಹುಣಸೆಹಣ್ಣು ಮೂತ್ರಪಿಂಡಕ್ಕೆ. ಹುಣಸೆಯಲ್ಲಿರೋ ಟಾರ್ಟಾರಿಕ್ ಆಮ್ಲವೇ ದ್ರಾಕ್ಷಿಯಲ್ಲೂ ಇರೋದು, ದ್ರಾಕ್ಷಿ ನಾಯಿಗೆ ವಿಷವಾಗೋದು ಅದರಿಂದಲೇ ಇರಬೇಕು ಅಂತ ಈಚೆಗೆ ಪಶುವೈದ್ಯರು ಹೇಳುತ್ತಿದ್ದಾರೆ. ಡಾಕ್ಟರು ಹೇಳುತ್ತಾ ಹೇಳುತ್ತಾ ನನ್ನ ಮುಖ ನೋಡಿ ನಿಲ್ಲಿಸಿದರು. ‘ನಿಮ್ಮ ತೋಟದಲ್ಲಿ ಏನಿದೆ ಸ್ವಾಮಿ?’

ಒಂದೂವರೆ ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ. ಜಿಐ ಟ್ಯಾಗ್ ಇರೋ ಹಣ್ಣು, ನಮ್ಮ ಜಿಲ್ಲೆಯ ಹೆಮ್ಮೆ. ಎಷ್ಟು ತಿಂದರೆ ಅಪಾಯ ಅಂತ ಕೇಳಿದೆ. ಇಷ್ಟು ತಿಂದರೆ ಪರವಾಗಿಲ್ಲ ಅನ್ನೋ ಲೆಕ್ಕವೇ ಇಲ್ಲ, ಕೆಲವು ನಾಯಿಗೆ ನಾಲ್ಕಾರು ಹಣ್ಣೇ ಸಾಕು ಅಂದರು. ಮೊದಲು ವಾಂತಿ, ಎರಡು ಮೂರು ದಿನದಲ್ಲಿ ಉಚ್ಚೆ ನಿಲ್ಲುತ್ತೆ, ಅಷ್ಟು ಹೊತ್ತಿಗೆ ಕೈ ಮೀರಿರುತ್ತೆ.

ವದ್ದು

ಅವತ್ತಿಂದ ‘ಬಿಡು’ ಕಲಿಸೋದು ಆಟವಾಗಿ ಉಳಿಯಲಿಲ್ಲ. ಮುಷ್ಟಿಯಲ್ಲಿ ಲಿವರ್ ಮುಚ್ಚಿಟ್ಟು ಅವನ ಮುಂದೆ ಹಿಡಿಯುತ್ತಿದ್ದೆ. ನೆಕ್ಕುತ್ತಾನೆ, ಕೆರೆಯುತ್ತಾನೆ, ಮೂತಿಯಿಂದ ತಳ್ಳುತ್ತಾನೆ. ಬೇಸತ್ತು ಮೂತಿ ಹಿಂದಕ್ಕೆ ತಗೊಂಡ ತಕ್ಷಣ ‘ಭೇಷ್’ ಅಂದು ಇನ್ನೊಂದು ಕೈಯಿಂದ ಬೇರೆ ಚೂರು. ಬಿಟ್ಟರೆ ಸಿಗುತ್ತೆ ಅನ್ನೋ ಲೆಕ್ಕ. ಅಂಗಳದಲ್ಲಿ ನೂರಕ್ಕೆ ನೂರು.

ಜುಲೈನಲ್ಲಿ ಕಟಾವು ಬಂತು. ಚಪ್ಪರದ ಕೆಳಗೆ ಹದಿನೈದು ಜನ, ಕತ್ತರಿ, ಕ್ರೇಟು, ಆಚೆ ರಸ್ತೆಯಲ್ಲಿ ಟೆಂಪೋ. ನಾನು ತೂಕದ ಹತ್ತಿರ ನಿಂತು ಬರೆದುಕೊಳ್ಳುತ್ತಿದ್ದೆ. ಮನೆಯಲ್ಲಿ ಕಟ್ಟಿದ್ದ ಶೇಷನನ್ನು ಪಾಪ ಅಂತ ಯಾರೋ ಬಿಚ್ಚಿದ್ದರು. ಕಲ್ಲುಕಂಬಗಳ ಸಾಲಿನ ನಡುವೆ ಕರ್ರಗೆ ಏನೋ ಬರುತ್ತಿರೋದು ಕಾಣಿಸಿತು. ಕಂಬದ ಬುಡದಲ್ಲಿ, ಒಡೆದಿದೆ ಅಂತ ಎಸೆದಿದ್ದ ಒಂದು ಗೊಂಚಲು ಬಿದ್ದಿತ್ತು. ಕಪ್ಪು ನೀಲಿ ಹಣ್ಣು, ರಸ ಸೋರಿ ಮೇಲೆ ಜೇನುನೊಣ. ಅವನು ಅದರ ಮುಂದೆ ನಿಂತು ತಲೆ ತಗ್ಗಿಸಿದ.

‘ಬಿಡು!’ ಅಂದೆ. ‘ಬಿಡೋ! ಏಯ್! ಶೇಷಾ, ನೋ! ಬಾ ಇಲ್ಲಿ!’

ಐದೂ ಮಾತು ಒಂದೇ ಉಸಿರಿಗೆ. ಕೆಲಸದವರೆಲ್ಲ ತಿರುಗಿ ನೋಡಿದರು, ಅವನೊಬ್ಬ ನೋಡಲಿಲ್ಲ. ಕಿವಿ ಹಿಂದಕ್ಕೆ ಹೋಯಿತು, ಅಷ್ಟೇ. ಬಾಯಿ ತೆರೆದ.

ಅಮ್ಮ ಮೂರು ಕಂಬದ ಆಚೆ ಗೋಣಿಚೀಲದ ಮೇಲೆ ಕೂತು ಹಣ್ಣು ಆರಿಸುತ್ತಿದ್ದಳು. ಏಳಲಿಲ್ಲ. ಕೂಗಲೂ ಇಲ್ಲ. ಅಡುಗೆಮನೆಯಲ್ಲಿ ಮಾತಾಡೋ ದನಿಯಲ್ಲೇ ‘ವದ್ದು’ ಅಂದಳು. ತೆಲುಗಿನಲ್ಲಿ ಬೇಡ ಅಂತ.

ತಲೆ ಎತ್ತಿದ. ಮೂತಿಯ ಮೀಸೆಗೆ ಒಂದು ಹಣ್ಣಿನ ಸಿಪ್ಪೆ ಅಂಟಿಕೊಂಡಿತ್ತು. ‘ರಾ’ ಅಂದಳು. ಗೊಂಚಲು ದಾಟಿಕೊಂಡು ಹೋಗಿ ಅವಳ ಪಕ್ಕ ಕೂತ. ಅವಳು ಸೆರಗಿನಲ್ಲಿ ಮೂತಿ ಒರೆಸಿ, ಎಲೆ ಅಡಿಕೆ ಚೀಲದ ಗಂಟು ಬಿಚ್ಚಿ, ಹುಡುಕಿ ಹುಡುಕಿ, ಬೆಳಗಿನ ರೊಟ್ಟಿಯ ಒಂದು ತುಂಡು ಕೊಟ್ಟಳು.

ಬಾಯಿ ತೆರೆಸಿ ನೋಡಿದೆ, ನಾಲಿಗೆ ಕೆಳಗೆ ಬೆರಳಾಡಿಸಿದೆ. ಏನೂ ಇರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಎರಡು ದಿನ ಅವನ ಹಿಂದೆ ಹಿಂದೆ ಹೋಗಿ ಎಷ್ಟು ಸಲ ಕಾಲೆತ್ತಿದ ಅಂತ ಬರೆದುಕೊಂಡೆ. ಆ ಚೀಟಿ ಈಗಲೂ ಅಂಗಡಿಯ ಡ್ರಾದಲ್ಲಿದೆ.

ಅವನಿಗೆ ‘ವದ್ದು’ ಅಷ್ಟು ಚೆನ್ನಾಗಿ ಹೇಗೆ ಗೊತ್ತು ಅಂತ ಆಮೇಲೆ ಗಮನಿಸಿದೆ. ಅಡುಗೆಮನೆ ಹೊಸ್ತಿಲಲ್ಲಿ ಅವನು ಒಂದು ಕಾಲು ಒಳಗಿಟ್ಟರೆ ಅಮ್ಮ ‘ವದ್ದು’ ಅಂತಾಳೆ. ಒಂದೇ ಸಲ. ಕಾಲು ಹಿಂದಕ್ಕೆ ಹೋಗದಿದ್ದರೆ ಎರಡನೇ ಸಲ ಹೇಳೋದಿಲ್ಲ. ಮಂಡಿ ಮೇಲೆ ಕೈಯೂರಿ, ‘ಅಯ್ಯಪ್ಪಾ’ ಅಂತ ಎದ್ದು, ಹೋಗಿ ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಹೊಡೆಯೋದಿಲ್ಲ, ಬೈಯೋದೂ ಇಲ್ಲ. ಅವಳು ನಿಂತ ಮೇಲೆ ಅವನಿಗೆ ಜಾಗ ಇರಲ್ಲ, ಹಿಂದೆ ಸರಿಯುತ್ತಾನೆ. ಮಂಡಿ ನೋವು ಜಾಸ್ತಿ ಇರೋ ದಿನ ಅವನು ಕಾಲು ಒಳಗಿಟ್ಟರೂ ನೋಡದ ಹಾಗೆ ಇರುತ್ತಾಳೆ. ‘ಏಳೋಕೆ ಆಗದ ದಿನ ಯಾಕಪ್ಪ ಹೇಳಬೇಕು’ ಅಂದಳು. ನಾನಾದರೆ ಕುರ್ಚಿಯಲ್ಲಿ ಕೂತು, ಫೋನ್ ನೋಡುತ್ತಾ, ಐದು ಸಲ ‘ಬಿಡು’ ಅಂತೀನಿ. ಐದನೇದಕ್ಕೆ ಏಳ್ತೀನಿ. ಹಾಗಾಗಿ ಮೊದಲ ನಾಲ್ಕಕ್ಕೆ ಅರ್ಥ ಇಲ್ಲ ಅಂತ ಅವನಿಗೆ ಗೊತ್ತು. ನನ್ನ ಮಗಳಿಗೂ ಗೊತ್ತು.

ಇಗೋ

ಕೆಟ್ಟ ‘ಬಾ’ ಸರಿ ಮಾಡೋಕೆ ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ. ಹೀಗಾದಾಗ ಆ ಮಾತನ್ನೇ ಬಿಟ್ಟು ಹೊಸ ಮಾತು ಹಿಡಿಯಿರಿ ಅಂತ ನಾಯಿ ಕಲಿಸೋರು ಹೇಳುತ್ತಾರೆ. ಏನಾದರೂ ಕೈಗೆ ಕೊಡುವಾಗ ನಾವು ಅನ್ನೋ ಮಾತು ‘ಇಗೋ’. ಅಮ್ಮನ ತೆಲುಗಿನಲ್ಲಿ ‘ಇದಿಗೋ’, ಕಿವಿಗೆ ಹೆಚ್ಚು ಕಡಿಮೆ ಒಂದೇ. ಮನೆಯಲ್ಲಿ ಯಾರೂ ಕೈ ಖಾಲಿ ಇಟ್ಟುಕೊಂಡು ‘ಇಗೋ’ ಅನ್ನಬಾರದು ಅಂತ ಮಾತಾಯಿತು. ಈ ಸಲ ಪಟ್ಟಿ ಅಂಟಿಸಲಿಲ್ಲ.

ದನ ಕಟ್ಟೋ ಹಗ್ಗ ಮೂರು ಗಂಟು ಹಾಕಿ ಉದ್ದ ಮಾಡಿದೆ, ಸುಮಾರು ಮೂವತ್ತು ಅಡಿ. ಒಂದು ತುದಿ ಅವನಿಗೆ, ಇನ್ನೊಂದು ನನ್ನ ಕೈಗೆ. ಎಳೆಯೋಕಲ್ಲ, ಓಡಿ ಹೋಗದ ಹಾಗೆ ಇರಲಿ ಅಂತ. ಅವನು ಏನನ್ನೋ ಮೂಸುತ್ತಾ ದೂರ ಹೋದಾಗ ‘ಇಗೋ’ ಅಂತೀನಿ. ಬಂದರೆ ಲಿವರ್, ಕುತ್ತಿಗೆ ಕೆರೆಯೋದು. ಆಮೇಲೆ ಮುಖ್ಯವಾದ ಕೆಲಸ: ಮತ್ತೆ ಬಿಟ್ಟುಬಿಡೋದು. ಹೋಗು, ಮೂಸು, ನಿನ್ನಿಷ್ಟ. ಹತ್ತು ಸಲ ಕರೆದರೆ ಹತ್ತೂ ಸಲ ಬಿಟ್ಟುಬಿಡೋದು. ನಾಲ್ಕನೇ ತಿಂಗಳಿಗೆ ಹಗ್ಗ ಬಿಚ್ಚಿದೆ. ದೀಪಾವಳಿಗೆ ಅಕ್ಕನ ಮಗ ಬಂದು ‘ಸೀಸರ್, ಕಮ್’ ಅಂತ ಕೂಗಿದ. ಶೇಷ ಬಾಲ ಆಡಿಸಿದ, ಜಾಗ ಬಿಟ್ಟು ಏಳಲಿಲ್ಲ. ‘ಮಾಮ, ಮರ್ತೇಬಿಟ್ಟಿದ್ದಾನೆ ನನ್ನ’ ಅಂತ ಹುಡುಗನಿಗೆ ಬೇಜಾರಾಯಿತು. ಒಂದು ಚೂರು ಲಿವರ್ ಅವನ ಕೈಗೆ ಕೊಟ್ಟು, ಯಾವ ಮಾತು ಅನ್ನಬೇಕು ಅಂತ ಕಿವಿಯಲ್ಲಿ ಹೇಳಿದೆ.

ಹೋದ ಭಾನುವಾರ ಅವನಿಗೆ ಸ್ನಾನದ ದಿನ. ಸ್ನಾನ ಅಂದರೆ ಅವನಿಗೆ ಆಗೋದೇ ಇಲ್ಲ. ಬಕೆಟ್ ತುಂಬಿಸಿದೆ, ಸೋಪು, ಚೈನು ತಗೊಂಡೆ. ಅವನು ತೋಟದ ಆ ತುದಿಯಲ್ಲಿ, ಕೊನೇ ಕಲ್ಲುಕಂಬದ ನೆರಳಿನಲ್ಲಿ ಮಲಗಿದ್ದ. ಇಲ್ಲಿಂದ ನಿಂತು ‘ಇಗೋ’ ಅಂದಿದ್ದರೆ ಎದ್ದು ಓಡಿ ಬರುತ್ತಿದ್ದ. ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ. ಚಪ್ಪಲಿ ಮೆಟ್ಟಿ, ಚೈನನ್ನು ಅವನಿಗೆ ಕಾಣೋ ಹಾಗೆ ಮುಂದೆ ಹಿಡಿದುಕೊಂಡು, ಒಂದೂವರೆ ಎಕರೆ ಉದ್ದಕ್ಕೂ ನಡೆದೆ. ಅವನು ಮಲಗಿದ್ದಲ್ಲಿಂದಲೇ ನೋಡುತ್ತಿದ್ದ.